ಸ್ಕ್ಯಾನ್ ಹೋಗ್ತಿಲ್ಲ ಸಾರ್!

ಇವತ್ತು ಆಫೀಸಿನ ಜೆರಾಕ್ಸ್ ಮಷಿನ್‌ಗೆ ಮುನಿಸು. ಕಾಪಿ ಕೊಡುತ್ತದೆ, ಪ್ರಿಂಟ್ ಕೊಡುತ್ತದೆ. ಸ್ಕ್ಯಾನ್ ಮಾಡಿ ಮೇಲ್‌ಗೆ ಕಳಿಸು ಅಂದರೆ ಮಾತ್ರ ಒಂದು ಎರರ್ ಚೀಟಿ ಉಗುಳಿ ಸುಮ್ಮನಾಗುತ್ತದೆ.

ಕೂಡಲೇ ಎಲ್ಲರೂ ಎಂಜಿನಿಯರ್‌ಗಳೇ! ಅಕೌಂಟ್ಸ್ ಮೇಡಂ "ಆಫ್ ಮಾಡಿ ಆನ್ ಮಾಡ್ರೀ" ಅಂದರು. ಒಬ್ಬರು ನೆಟ್ ಕೇಬಲ್ ಕಿತ್ತು ಮತ್ತೆ ಚುಚ್ಚಿದರು. ಇನ್ಯಾರೋ ಟೋನರ್ ತೆಗೆದು ಅಲ್ಲಾಡಿಸಿದರು.

ಚೀಟಿ ಮಾತ್ರ ಯಾರೂ ಓದಲಿಲ್ಲ. ಕೆಟ್ಟದ್ದನ್ನು ತಟ್ಟೋಕೆ ನಮಗೆ ಟೈಮ್ ಇದೆ, ಅದು ಏನು ಹೇಳ್ತಿದೆ ಅಂತ ನೋಡೋಕೆ ಇಲ್ಲ, ಅಲ್ವಾ?

ಕೊನೆ ಸಾಲಲ್ಲಿ 535 ಅಂತಿತ್ತು. ಅಂದರೆ ನೆಟ್ ಸರಿ ಇದೆ, ಮೇಲ್ ಸರ್ವರ್ ಸಿಕ್ಕಿದೆ, ಮೇಲ್ ಹೋಗುವ ಬಾಗಿಲು, ಅಂದರೆ 587 ಪೋರ್ಟೂ ಸರಿ. ಪಾಸ್‌ವರ್ಡ್ ಒಪ್ಪುತ್ತಿಲ್ಲ ಅಷ್ಟೇ.

ನಮ್ಮ ಮಷಿನ್ ಮೇಲ್ ಕಳಿಸೋದು ಒಂದು ಜಿಮೇಲ್ ಖಾತೆಯಿಂದ. 2022ರ ಮೇ ಕೊನೆಯಿಂದ ಮಾಮೂಲಿ ಜಿಮೇಲ್ ಖಾತೆಗೆ ಇಂಥ ಮಷಿನ್‌ಗಳು ನೇರ ಪಾಸ್‌ವರ್ಡ್ ಹಾಕಿ ಒಳಗೆ ಹೋಗುವ ಹಾಗಿಲ್ಲ. ಇಂಥವಕ್ಕೆಂದೇ ಗೂಗಲ್ ಕೊಡುವ 16 ಅಕ್ಷರದ ಆ್ಯಪ್ ಪಾಸ್‌ವರ್ಡ್ ಬೇರೆ ಬೇಕು. ನಮ್ಮಲ್ಲಿ ಅದೂ ಇತ್ತು. ಆದರೆ ಸಾಹೇಬರು ನಿನ್ನೆ ಖಾತೆಯ ಪಾಸ್‌ವರ್ಡ್ ಬದಲಿಸಿದ್ದರು. ಅದು ಬದಲಾದರೆ ಹಳೇ ಆ್ಯಪ್ ಪಾಸ್‌ವರ್ಡ್‌ಗಳೆಲ್ಲ ತಾನಾಗೇ ರದ್ದು. ಪಾಪ, ಮಷಿನ್‌ಗೆ ಯಾರು ಹೇಳಬೇಕು?

ಹೊಸದು ತೆಗೆದು, ಬೆರಳಿಗಿಂತ ಚಿಕ್ಕ ಕೀಲಿಗಳಿರೋ ಆ ಟಚ್ ಸ್ಕ್ರೀನಿನಲ್ಲಿ ಒಂದೊಂದೇ ಅಕ್ಷರ ಕುಟ್ಟಿದೆ. ಹೋಯ್ತು!

ಖುಷಿಗೆ ಮೇಡಂ ಒಂದು ದಪ್ಪ ಫೈಲನ್ನು ಕಲರ್‌ನಲ್ಲಿ, 600 ಡಿಪಿಐ ಇಟ್ಟು ಕಳಿಸಿದರು. ಜಿಮೇಲ್‌ನ ಮಿತಿ 25 ಎಂಬಿ, ಅದು ದಾಟಿತು. ಮತ್ತೆ ಎರರ್.

"200ಕ್ಕೆ ಇಳಿಸಿ ಮೇಡಂ" ಅಂತ ಹೇಳಿ ಊಟಕ್ಕೆ ಎದ್ದೆ.