ಮಂಗಳೂರು ಹಂಚಿನ ಕಾರ್ಖಾನೆಗಳ ಪಟ್ಟಿ: ಕೆಲಸ ಎಲ್ಲಿಗೆ ಬಂತು

ಈ ತಿಂಗಳು ಪಟ್ಟಿಯನ್ನು ಬುಡದಿಂದ ಬಿಚ್ಚಿ ಮತ್ತೆ ಕಟ್ಟಬೇಕಾಯಿತು. ಹೆಸರು ಬದಲಾದಲ್ಲೆಲ್ಲ ಹಳೆ ಉದ್ಯಮ ಮುಚ್ಚಿ ಹೊಸದು ಹುಟ್ಟಿತೆಂದು ದಾಖಲಾಗಿತ್ತು. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಮೊದಲ ಮಹಾಯುದ್ಧದ ಹೊತ್ತಿಗೆ ಬ್ರಿಟಿಷ್ ಸರಕಾರ ಮಿಷನ್ನಿನ ಉದ್ಯಮಗಳನ್ನು ವಶಪಡಿಸಿಕೊಂಡಿತು. ಆಮೇಲೆ ಅವು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಕಂಪನಿಯ ಕೈಗೆ ಹೋದವು. ಆಳುವವರ ತೀರ್ಮಾನದಿಂದ ಒಡೆಯರು ಬದಲಾದದ್ದನ್ನು ಉದ್ಯಮದ ಸಾವೆಂದು ಓದಿದರೆ ಕರಾವಳಿಯ ಇತಿಹಾಸವೇ ತಿರುಚುತ್ತದೆ.

ಹಾಗಾಗಿ ‘ಕಂಪನಿ’ ಎಂಬ ಒಂದು ಕಾಲಂ ತೆಗೆದು ಮೂರು ಮಾಡಿದ್ದೇವೆ: ಜಾಗ, ಒಡೆತನ, ಮುದ್ರೆಯ ಹೆಸರು. ಬದಲಾಗದ ಕ್ರಮಸಂಖ್ಯೆ ಜಾಗಕ್ಕೆ ಮಾತ್ರ. ಒಡೆತನದ ಎದುರು ಮೊದಲ ದಾಖಲೆ, ಕೊನೆಯ ದಾಖಲೆ ಎಂಬ ಎರಡು ಇಸವಿ. ಮುಚ್ಚಿದ ವರ್ಷಕ್ಕೆ ಪುರಾವೆ ಇಲ್ಲದಿದ್ದರೆ ಖಾಲಿ ಬಿಡಬೇಕು.

ಹೆಚ್ಚು ದಾರಿ ತಪ್ಪಿಸುವುದು ಹಂಚಿನ ಅಡಿಭಾಗದ ಮುದ್ರೆ. ಬಾಸೆಲ್ ಮಿಷನ್ ಹಂಚಿನಲ್ಲಿರುವ 1865 ಕಾರ್ಖಾನೆ ಶುರುವಾದ ವರ್ಷ, ಆ ಹಂಚು ಸುಟ್ಟ ವರ್ಷವಲ್ಲ. ಮಂಗಳೂರಿನದೇ ಇನ್ನೊಂದು ಕಾರ್ಖಾನೆಯಾದ ಆಲ್ಬುಕರ್ಕ್‌ನ ಹಂಚಿನ 1868 ಕೂಡ ಹಾಗೆಯೇ. ಮನೆಯ ವಯಸ್ಸಿನಿಂದಲೂ ಹೇಳುವಂತಿಲ್ಲ. ಮಳೆಗಾಲಕ್ಕೆ ಮೊದಲು ಮಾಡಿಗೆ ಕೈಯಾಡಿಸುವಾಗ ಒಡೆದುದರ ಜಾಗಕ್ಕೆ ಬೇರೆ ಕಾರ್ಖಾನೆಯದು ಬಂದಿರುತ್ತದೆ. ಫೋಟೋಗೆ ಟಾರ್ಚನ್ನು ಪಕ್ಕದಿಂದ, ಹಂಚಿಗೆ ತಾಗುವಷ್ಟು ಓರೆಯಾಗಿ ಹಿಡಿಯಿರಿ, ಸವೆದ ಅಕ್ಷರವೂ ಎದ್ದು ಕಾಣುತ್ತದೆ. ತಂತಿ ಬ್ರಶ್ ಬೇಡವೇ ಬೇಡ, ಅಂಚು ಉದುರುತ್ತದೆ.

ಹಳೆ ದಾಖಲೆಗಳ ಬೆಲೆಗಳಲ್ಲೂ ಒಂದು ಗುಂಡಿ ಇದೆ. 4-10-6 ಅಂದರೆ 4 ರೂಪಾಯಿ, 10 ಆಣೆ, 6 ಪೈ. ಸ್ಪ್ರೆಡ್‌ಶೀಟ್ ಅದನ್ನು ತಾರೀಖು ಮಾಡಿಬಿಡುತ್ತದೆ. ಮೂರು ಕಾಲಮ್ಮಿನಲ್ಲಿ ಬರೆದು, ಆಣೆಯನ್ನು 16ರಿಂದ, ಪೈಯನ್ನು 192ರಿಂದ ಭಾಗಿಸಿ ಕೂಡಿದರೆ 4.65625 ರೂಪಾಯಿ. 1957ರ ಏಪ್ರಿಲ್ 1ರಿಂದ ದಶಮಾಂಶ ನಾಣ್ಯ ಬಂದದ್ದರಿಂದ ಅಲ್ಲಿಂದೀಚೆಗೆ ಈ ಲೆಕ್ಕ ಬೇಡ.

ಜಿಲ್ಲೆಯ ಗಡಿಯದು ಇನ್ನೂ ದೊಡ್ಡ ತಲೆನೋವು. 1956ರವರೆಗಿನ ದಕ್ಷಿಣ ಕನ್ನಡ ಮದ್ರಾಸ್ ರಾಜ್ಯದ್ದು. ಅದರೊಳಗೆ ಈಗ ಕೇರಳದಲ್ಲಿರುವ ಕಾಸರಗೋಡೂ ಇತ್ತು, ಈಗ ಲಕ್ಷದ್ವೀಪಕ್ಕೆ ಸೇರಿದ ಅಮಿನ್‌ದಿವಿ ದ್ವೀಪಗಳೂ ಇದ್ದವು. 1951ರ ಜನಗಣತಿಯನ್ನು 1961ರದರ ಪಕ್ಕ ಹಾಗೇ ಇಟ್ಟರೆ, ಗಡಿ ಕುಗ್ಗಿದ್ದು ಕಸುಬು ಕುಗ್ಗಿದಂತೆ ಕಾಣುತ್ತದೆ. 1997ರಲ್ಲಿ ಉಡುಪಿ ಬೇರೆಯಾದಾಗ ಮತ್ತೆ ಅದೇ ಕಥೆ. ತಾಲೂಕುವಾರು ಅಂಕಿ ಕೂಡಿಸುವುದೊಂದೇ ದಾರಿ. ಕಡತಗಳೂ ಹಾಗೇ ಚದುರಿವೆ: ಸರಕಾರದವು ಚೆನ್ನೈನ ಎಗ್ಮೋರಿನ ಪತ್ರಾಗಾರದಲ್ಲಿ, ಮಿಷನ್ನಿನವು ಸ್ವಿಟ್ಜರ್ಲೆಂಡಿನ ಬಾಸೆಲ್ ಮತ್ತು ಮಂಗಳೂರಿನ ಬಲ್ಮಠದಲ್ಲಿ.

ಕಾಸರಗೋಡಿನ ಸಾಲುಗಳನ್ನು ಬೇರ್ಪಡಿಸುವ ಕೆಲಸ ಅರ್ಧ ಆಗಿದೆ. ಅದು ಮುಗಿಯುವವರೆಗೆ ಹಳೆ ಪಟ್ಟಿಯಿಂದ ಮಾಡಿದ ಗ್ರಾಫನ್ನು ಯಾರೂ ಬಳಸಬೇಡಿ.