ಬೊಳ್ಳು ಗುರ್ ಎನ್ನುವುದನ್ನು ಬಿಟ್ಟಾಗ

ನಮ್ಮ ಮನೆ ಮಲ್ಪೆ ಬಂದರಿನಿಂದ ಸ್ವಲ್ಪ ಒಳಗಿದೆ. ಆರು ವರ್ಷಗಳ ಹಿಂದೆ ನೆರೆಮನೆಯ ಸೌದೆ ಕೊಟ್ಟಿಗೆಯಲ್ಲಿ ಹುಟ್ಟಿದ ಒಂದು ಬಿಳಿ ಕಾಟುನಾಯಿ ಮರಿಯನ್ನು ತಂದು, ಬೊಳ್ಳು ಎಂದು ಹೆಸರಿಟ್ಟು ಸಾಕಿದೆವು. ವರ್ಷ ತುಂಬುವ ಹೊತ್ತಿಗೆ ಅದು ಗಂಜಿ ತಿನ್ನುವಾಗ ಯಾರಾದರೂ ಬಟ್ಟಲಿನ ಬಳಿ ಸುಳಿದರೆ ಗುರ್ ಎನ್ನತೊಡಗಿತು. ಅದನ್ನು ನಾನು ಸೊಕ್ಕು ಎಂದುಕೊಂಡೆ. ಯಜಮಾನ ಯಾರೆಂದು ತೋರಿಸದಿದ್ದರೆ ನಾಯಿ ತಲೆಯ ಮೇಲೆ ಕೂರುತ್ತದೆ ಎಂದು ಎಲ್ಲೋ ಓದಿದ್ದನ್ನು ನಂಬಿ, ಗುರ್ ಎಂದಾಗಲೆಲ್ಲ ಪೇಪರ್ ಸುತ್ತಿ ಮೂತಿಗೆ ಹೊಡೆದೆ. "ನಾಯಿ ಗುರ್ ಅಂದ್ರೆ ನಾವೇ ದೂರ ನಿಲ್ಬೇಕು ಮಗಾ, ಹೊಡೀಬಾರ್ದು" ಎಂದು ಅಮ್ಮ ಹೇಳುತ್ತಿದ್ದರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಎರಡು ತಿಂಗಳಲ್ಲಿ ಅದು ಗುರ್ ಎನ್ನುವುದನ್ನು ಬಿಟ್ಟಿತು.

ಆ ಆಷಾಢದ ಒಂದು ಸಂಜೆ ಅಕ್ಕನ ಮಗ ಬಟ್ಟಲನ್ನು ಸರಿಸಲು ಕೈಚಾಚಿದಾಗ ಬೊಳ್ಳು ಸದ್ದಿಲ್ಲದೆ ಕಚ್ಚಿತು. ಹದಿನೈದು ನಿಮಿಷ ಸೋಪು ಹಾಕಿ ನಲ್ಲಿಯ ನೀರಿನಲ್ಲಿ ಗಾಯ ತೊಳೆದು, ಅಂದೇ ಚುಚ್ಚುಮದ್ದು ಹಾಕಿಸಿದೆವು. ಹುಡುಗ ಗುಣವಾದ. ನನ್ನ ಮನಸ್ಸಿಗೆ ಮಾತ್ರ ಸಮಾಧಾನವಾಗಲಿಲ್ಲ. ಗುರ್ ಎನ್ನುವುದು ನಾಯಿ ಕಚ್ಚದೆ ಇರುವುದಕ್ಕಾಗಿ ಆಡುವ ಮಾತು. ಆ ಮಾತನ್ನು ನಾನು ಹೊಡೆದು ಅಡಗಿಸಿದ್ದೆ, ಅದರ ಹಿಂದಿದ್ದ ಹೆದರಿಕೆ ಹಾಗೆಯೇ ಉಳಿದಿತ್ತು. ಆ ಸಂಜೆಯೂ ಅದು ಪೂರ್ತಿ ಮೌನವಾಗಿರಲಿಲ್ಲ ಎಂದು ಈಗ ಅರ್ಥವಾಗುತ್ತದೆ: ತಿನ್ನುವುದನ್ನು ನಿಲ್ಲಿಸಿ ಮೈಯನ್ನು ಕೊರಡಿನಂತೆ ಬಿಗಿ ಮಾಡಿತ್ತು, ತಲೆ ಎತ್ತದೆ ಕಣ್ಣನ್ನು ಮಾತ್ರ ಹುಡುಗನ ಕಡೆ ಹೊರಳಿಸಿದ್ದರಿಂದ ಕಣ್ಣಿನ ಬಿಳಿ ಅಂಚು ಕಾಣುತ್ತಿತ್ತು, ನಾಲಿಗೆ ಒಮ್ಮೆ ಮೂಗನ್ನು ಸವರಿ ಒಳಗೆ ಹೋಗಿತ್ತು. ನೋಡುತ್ತ ನಿಂತಿದ್ದ ನನಗೆ ಅದನ್ನು ಓದಲು ಬರುತ್ತಿರಲಿಲ್ಲ.

ಓದುವುದನ್ನು ನಾನು ಕಲಿತದ್ದು ಬಂದರಿನ ಬೀದಿನಾಯಿಗಳಿಂದ. ಬೆಳಿಗ್ಗೆ ಮೀನಿನ ಹರಾಜು ನಡೆಯುವ ಕಡೆ ಅವು ಹತ್ತಾರು ಇರುತ್ತವೆ. ಪರಿಚಯವಿಲ್ಲದ ಎರಡು ನಾಯಿಗಳು ಎದುರಾದಾಗ, ಜಗಳದ ಮನಸ್ಸಿಲ್ಲದಿದ್ದರೆ, ನೇರವಾಗಿ ಮುಖಕ್ಕೆ ಮುಖ ಕೊಟ್ಟು ಬರುವುದಿಲ್ಲ. ಬಿಲ್ಲಿನಂತೆ ಬಳಸಿ ಬಂದು, ದೃಷ್ಟಿಯನ್ನು ಬೇರೆ ಕಡೆ ಹಾಯಿಸಿ, ಪಕ್ಕದಿಂದ ಬಾಲದ ಬುಡವನ್ನು ಮೂಸುತ್ತವೆ. ನಮ್ಮ ಮೂಗಿನಲ್ಲಿ ಐವತ್ತು ಅರವತ್ತು ಲಕ್ಷ ವಾಸನಾಗ್ರಾಹಕಗಳಿದ್ದರೆ ನಾಯಿಯ ಮೂಗಿನಲ್ಲಿ 20 ಕೋಟಿಗೂ ಹೆಚ್ಚಿರುತ್ತವೆ. ಆದ್ದರಿಂದ ಎದುರಿನದು ಗಂಡೋ ಹೆಣ್ಣೋ, ಬೆದೆಗೆ ಬಂದಿದೆಯೋ ಎಂಬುದೆಲ್ಲ ಆ ಕ್ಷಣದಲ್ಲೇ ತಿಳಿಯುತ್ತದೆ. ಆಟಕ್ಕೆ ಕರೆಯುವಾಗ ಮುಂಗೈಗಳನ್ನು ನೆಲಕ್ಕೆ ಊರಿ ಹಿಂಭಾಗವನ್ನು ಎತ್ತುತ್ತವೆ. ಆಟದ ನಡುವೆ ಒಂದು ಕಡಿತ ಜೋರಾದರೆ ಮತ್ತೆ ಹಾಗೆಯೇ ಬಾಗಿ, ಇದು ಆಟವೇ ಎಂದು ಖಚಿತಪಡಿಸುವುದನ್ನು ನಾನು ಅನೇಕ ಬಾರಿ ಕಂಡಿದ್ದೇನೆ.

ಬಾಲ ಅಲ್ಲಾಡಿಸಿದರೆ ಸಂತೋಷ ಎಂಬ ನಮ್ಮ ತಿಳಿವಳಿಕೆಯೂ ಅರ್ಧ ಮಾತ್ರ ಸರಿ. ಇಟಲಿಯ ವಿಜ್ಞಾನಿಗಳು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಾಕಿದವರನ್ನು ಕಂಡಾಗ ನಾಯಿಯ ಬಾಲ ಅದರ ಬಲಕ್ಕೆ ಹೆಚ್ಚು ವಾಲುವುದೂ, ಗತ್ತಿನ ಅಪರಿಚಿತ ನಾಯಿಯನ್ನು ಕಂಡಾಗ ಎಡಕ್ಕೆ ವಾಲುವುದೂ ಕಂಡುಬಂತು. ಬಾಲವನ್ನು ಸೆಟೆಸಿ ಮೇಲೆತ್ತಿ ತುದಿಯನ್ನಷ್ಟೇ ಬೇಗ ಬೇಗ ಆಡಿಸುವ ನಾಯಿಯನ್ನು ಮುಟ್ಟಲು ಹೋಗಬಾರದು.

ಇನ್ನು ನಾನು ನಂಬಿದ್ದ ಯಜಮಾನಿಕೆಯ ಕಥೆ. ಅದು ತೋಳಗಳಿಂದ ನಾಯಿಗಳಿಗೆ ಅಂಟಿಕೊಂಡದ್ದು. 1947ರಲ್ಲಿ ರುಡಾಲ್ಫ್ ಶೆಂಕೆಲ್ ಎಂಬವರು ಬೇರೆ ಬೇರೆ ಕಡೆಗಳಿಂದ ತಂದು ಮೃಗಾಲಯದಲ್ಲಿ ಒಟ್ಟಿಗೆ ಕೂಡಿಹಾಕಿದ್ದ ತೋಳಗಳ ಹೊಡೆದಾಟವನ್ನು ನೋಡಿ ಬರೆದದ್ದೇ ಅದರ ಮೂಲ. ಅದನ್ನು ತಾವೂ ಪ್ರಚಾರ ಮಾಡಿದ್ದ ಅಮೆರಿಕದ ತೋಳ ವಿಜ್ಞಾನಿ ಡೇವಿಡ್ ಮೆಕ್, ಕಾಡಿನ ತೋಳಗಳನ್ನು ವರ್ಷಗಟ್ಟಲೆ ಗಮನಿಸಿದ ಬಳಿಕ 1999ರಲ್ಲಿ ತಮ್ಮ ಮಾತನ್ನೇ ತಿದ್ದಿಕೊಂಡರು: ಅಲ್ಲಿನ ಗುಂಪು ಎಂದರೆ ಸಾಮಾನ್ಯವಾಗಿ ತಂದೆ, ತಾಯಿ ಮತ್ತು ಮಕ್ಕಳ ಸಂಸಾರ. ವಿಜ್ಞಾನಿ ತಮ್ಮ ತಪ್ಪನ್ನು ಹೀಗೆ ಒಪ್ಪಿಕೊಂಡದ್ದರ ಬಗ್ಗೆ ನನಗೆ ಬಹಳ ಗೌರವವಿದೆ. ಆ ತಿದ್ದುಪಡಿ ನನ್ನ ಕೈಯ ಪೇಪರಿಗೆ ಮೊದಲೇ ತಲುಪಿದ್ದರೆ ಚೆನ್ನಾಗಿತ್ತು. ನಮ್ಮ ದೇಶದ ಬೀದಿನಾಯಿಗಳ ಬಗ್ಗೆಯೇ ಕೋಲ್ಕತ್ತಾದ ಐಸರ್ ಎಂಬ ವಿಜ್ಞಾನ ಸಂಸ್ಥೆಯಲ್ಲಿ ಅನಿಂದಿತಾ ಭದ್ರ ಅವರ ತಂಡ ದೀರ್ಘಕಾಲದಿಂದ ಅಧ್ಯಯನ ನಡೆಸುತ್ತಿದೆ. ಅಪರಿಚಿತರು ಪದೇ ಪದೇ ಬಂದು ತಿಂಡಿ ಕೊಟ್ಟದ್ದಕ್ಕಿಂತ, ತಲೆ ಸವರಿದ್ದೇ ಬೀದಿನಾಯಿಗಳ ನಂಬಿಕೆಯನ್ನು ಹೆಚ್ಚು ಗಳಿಸಿತು ಎಂಬುದು ಅವರು ಕಂಡುಕೊಂಡ ಸಂಗತಿಗಳಲ್ಲೊಂದು.

ಬೊಳ್ಳುವಿನ ವಿಷಯದಲ್ಲಿ ನಾವು ಮೊದಲು ಮಾಡಿದ್ದು ಬಟ್ಟಲನ್ನು ಜನ ಓಡಾಡದ ಹಿತ್ತಿಲ ಜಗಲಿಗೆ ಸಾಗಿಸಿದ್ದು. ಆಮೇಲೆ ದಿನವೂ ದೂರದಲ್ಲಿ ನಿಂತು ಒಂದು ತುಂಡು ಬಂಗುಡೆಯನ್ನು ಬಟ್ಟಲ ಕಡೆ ಎಸೆದು, ಹಿಂದಿರುಗಿ ನೋಡದೆ ಬರುತ್ತಿದ್ದೆ. ಮನುಷ್ಯ ಹತ್ತಿರ ಬಂದರೆ ಇದ್ದದ್ದು ಹೋಗುವುದಿಲ್ಲ, ಇನ್ನಷ್ಟು ಸಿಗುತ್ತದೆ ಎಂದು ಅದಕ್ಕೆ ಮನದಟ್ಟಾಗಲು ತಿಂಗಳುಗಳೇ ಬೇಕಾದವು. ಎಂಟನೇ ತಿಂಗಳಲ್ಲಿ, ತೆಂಗಿನ ಮಡಲು ಎಳೆಯುತ್ತ ನಾನು ಗಮನವಿಲ್ಲದೆ ಜಗಲಿಯ ತೀರಾ ಹತ್ತಿರ ಹೋದಾಗ, ಬೊಳ್ಳು ಬಟ್ಟಲಿನಿಂದ ಮೂತಿ ಎತ್ತದೆ ಮೆಲ್ಲಗೆ ಗುರ್ ಎಂದಿತು. ನಾನು ಮಡಲನ್ನು ಅಲ್ಲೇ ಬಿಟ್ಟು ಎರಡು ಹೆಜ್ಜೆ ಹಿಂದೆ ಸರಿದೆ. ಅದು ಒಮ್ಮೆ ನನ್ನತ್ತ ನೋಡಿ, ಬಾಲವನ್ನು ಸಡಿಲಾಗಿ ಆಡಿಸಿ, ಗಂಜಿ ತಿನ್ನುವುದನ್ನು ಮುಂದುವರಿಸಿತು. ಬಾವಿಕಟ್ಟೆಯ ಬಳಿ ನಿಂತಿದ್ದ ಅಮ್ಮನಿಗೆ, "ಅಮ್ಮಾ, ಬೊಳ್ಳು ಗುರ್ ಅಂತು" ಎಂದು ಕೂಗಿ ಹೇಳಿದೆ.