ಮಧ್ಯಪ್ರದೇಶದ ಅಪರಿಚಿತ ವ್ಯಕ್ತಿ

ನಮ್ಮ ವಿಜಯಪುರದ ಪೇಪರಿನಲ್ಲಿ ಆಗಾಗ ಒಂದೇ ಥರದ ಫೋಟೊ ಬರುತ್ತದೆ. ಮೇಜಿನ ಮೇಲೆ ಸಾಲಾಗಿ ಕಂಟ್ರಿ ಪಿಸ್ತೂಲು, ಪಕ್ಕದಲ್ಲಿ ಸಜೀವ ಗುಂಡು, ಹಿಂದೆ ಪೊಲೀಸ್ ಸಾಹೇಬರು, ಅವರ ಹಿಂದೆ ಮುಖ ಮುಚ್ಚಿದ ಹುಡುಗರು. ಮರುದಿನ ಆ ಹುಡುಗರ ಅವ್ವಂದಿರು ನನ್ನಂಥವರ ಆಫೀಸಿನ ಬೆಂಚಿನ ಮೇಲೆ ಕೂತಿರುತ್ತಾರೆ. ನಾನು ಆರೋಪಿಗಳ ಪರ ವಾದ ಮಾಡುವ ವಕೀಲೆ. ಫೋಟೊದಾಚೆಗಿನ ಕಥೆ ಪೇಪರಿನಲ್ಲಿ ಬರುವುದು ಕಡಿಮೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಕಕ್ಷಿದಾರರ ಹೆಸರು, ಊರು, ಠಾಣೆ ಯಾವುದೂ ಇದರಲ್ಲಿಲ್ಲ.

ಆರ್ಮ್ಸ್ ಆ್ಯಕ್ಟ್ ಕೇಸಿನ ಚಾರ್ಜ್‌ಶೀಟ್ ಕೈಗೆ ಬಂದರೆ ನಾನು ಮೊದಲು ಹುಡುಕುವುದು ಒಂದೇ ಸಾಲು: ಆಯುಧ ಎಲ್ಲಿಂದ ಬಂತು? ಬಹಳ ಸಲ ಉತ್ತರವೂ ಒಂದೇ. 'ಮಧ್ಯಪ್ರದೇಶದ ಅಪರಿಚಿತ ವ್ಯಕ್ತಿಯಿಂದ ಖರೀದಿಸಿದ್ದು.' ಅಲ್ಲಿಗೆ ತನಿಖೆ ಮುಗಿಯಿತು. ಆ ಮಹಾನುಭಾವ ಯಾವತ್ತೂ ಕಟಕಟೆಗೆ ಬಂದವನಲ್ಲ.

ಹಾಗಂತ ಅವನ ಊರು ಯಾರಿಗೂ ತಿಳಿಯದ ಗುಟ್ಟಲ್ಲ. ಖರಗೋನ್, ಬಡವಾನಿ, ಧಾರ್, ಬುರ್ಹಾನ್‌ಪುರ ಜಿಲ್ಲೆಗಳ ಕೆಲವು ಹಳ್ಳಿಗಳಲ್ಲಿ ಪಿಸ್ತೂಲು ತಯಾರಾಗುತ್ತದೆ ಅನ್ನುವುದು ದೇಶದ ಎಲ್ಲ ಪೊಲೀಸರಿಗೂ ಗೊತ್ತು. ಮ್ಯಾಪ್ ತೆಗೆದು ನೋಡಿ. ನಮ್ಮೂರಿನ ಮೇಲೆ ಹಾಯುವ ರಾಷ್ಟ್ರೀಯ ಹೆದ್ದಾರಿ 52 ಅನ್ನೇ ಹಿಡಿದು ಝಳಕಿ, ಧೂಳಖೇಡ ದಾಟಿ, ಭೀಮಾ ಹೊಳೆ ಹಿಂದೆ ಬಿಟ್ಟು, ಸೋಲಾಪುರ, ಬೀಡ್, ಧುಳೆ ಅಂತ ಹೋಗುತ್ತಿದ್ದರೆ ಬಡವಾನಿ ಜಿಲ್ಲೆಯ ಸೇಂಧವಾ ಬರುತ್ತದೆ, ಮುಂದೆ ಇಂದೋರ್. ರಸ್ತೆ ಬದಲಿಸುವ ಪ್ರಮೇಯವೇ ಇಲ್ಲ. ನಮ್ಮ ದ್ರಾಕ್ಷಿ, ಲಿಂಬೆ ಮೇಲಕ್ಕೆ ಹೋಗುವ ರಸ್ತೆಯಲ್ಲೇ ಆ ಮಾಲು ಕೆಳಕ್ಕೆ ಇಳಿಯುತ್ತದೆ.

ಕಾನೂನು ಸಡಿಲ ಇದೆ ಅನ್ನುವವರ ಮಾತು ನಾನು ಒಪ್ಪುವುದಿಲ್ಲ. 1959ರ ಕಾಯ್ದೆಗೆ 2019ರ ಡಿಸೆಂಬರ್‌ನಲ್ಲಿ ತಂದ ತಿದ್ದುಪಡಿ ಸಾಕಷ್ಟು ಖಡಕ್ ಆಗಿದೆ. ಲೈಸೆನ್ಸ್ ಇಲ್ಲದೆ ಪಿಸ್ತೂಲು ಇಟ್ಟುಕೊಂಡವನಿಗೆ ಮೊದಲು 1ರಿಂದ 3 ವರ್ಷ ಇತ್ತು, ಈಗ 2ರಿಂದ 5 ವರ್ಷ. ತಯಾರಿಸಿದವನಿಗೆ, ಮಾರಿದವನಿಗೆ ಕನಿಷ್ಠ 7 ವರ್ಷ, ಗರಿಷ್ಠ ಜೀವಾವಧಿ. ಸಂಘಟಿತ ಗ್ಯಾಂಗಿನ ಪರವಾಗಿ ಮಾಡಿದ್ದು ಅಂತ ಸಾಬೀತಾದರೆ 10 ವರ್ಷದಿಂದ ಶುರು. ಅಂದರೆ ಕಾನೂನು ದೊಡ್ಡ ಶಿಕ್ಷೆ ಇಟ್ಟಿರುವುದು ಮಾರಿದವನಿಗೆ, ಕೋರ್ಟಿಗೆ ಬರುವವನು ಮಾತ್ರ ಕೊಂಡವನು. ಅದೂ ಎಷ್ಟೋ ಸಲ ಇನ್ನೊಬ್ಬನ ಸಲುವಾಗಿ ಸೊಂಟದಲ್ಲಿ ಸಿಗಿಸಿಕೊಂಡು ತಿರುಗುವ, ಎಸ್‌ಎಸ್‌ಎಲ್‌ಸಿ ಫೇಲಾದ ಹುಡುಗ.

ಆ ಕೇಸೂ ನಿಲ್ಲುವುದಿಲ್ಲ. ಯಾಕೆ ಅಂತ ಒಂದು ದಿನದ ಕಲಾಪ ಹೇಳುತ್ತೇನೆ. ಮುದ್ದೆಮಾಲು, ಅಂದರೆ ಜಪ್ತಿಯಾದ ಮಾಲು ತಂದಿಟ್ಟರು. ಅರಗಿನ ಸೀಲು ಒಡೆದು ಬಟ್ಟೆ ಬಿಚ್ಚಿದಾಗ ಹೊರಬಿದ್ದದ್ದು ಅಂಗೈ ಉದ್ದದ ಪಿಸ್ತೂಲು. ಹಿಡಿಕೆಯ ಒಂದು ಬದಿಗೆ ವೈರಿಂಗಿನವರು ಬಳಸುವ ಕರಿ ಟೇಪು. ನಳಿಗೆಯ ಮೇಲೆ ಸೊಟ್ಟ ಅಕ್ಷರದಲ್ಲಿ 'ಮೇಡ್ ಇನ್ ಯುಎಸ್ಎ' ಅಂತ ಬೇರೆ ಹೊಡೆದಿದ್ದರು! ಸರ್ಕಾರಿ ವಕೀಲರು ಜಪ್ತಿಗೆ ಸಾಕ್ಷಿಯಾಗಿ ಸಹಿ ಹಾಕಿದ ಪಂಚನನ್ನು ಕೇಳಿದರು, ಇದನ್ನ ನಿಮ್ಮ ಮುಂದೇ ಜಪ್ತಿ ಮಾಡಿದ್ರಾ? ಈ ಪಂಚ ಠಾಣೆ ಎದುರಿನ ಚಹಾದಂಗಡಿಯವ. ಪಿಸ್ತೂಲನ್ನೂ ನೋಡಲಿಲ್ಲ, ಆರೋಪಿಯನ್ನೂ ನೋಡಲಿಲ್ಲ, ನೆಲ ನೋಡುತ್ತ ಹೇಳಿದ: "ನಾ ಏನೂ ನೋಡಿಲ್ರಿ ಸಾಹೇಬ್ರ. ಸ್ಟೇಷನ್ನಿಗೆ ಕರದ್ರು, ಸಹಿ ಮಾಡು ಅಂದ್ರು, ಮಾಡೀನ್ರಿ." ಎರಡನೇ ಪಂಚ ಅವನ ತಮ್ಮ. ಅವನದೂ ಅದೇ ಪಾಠ. ನಾನು ಎದ್ದು ನಿಂತು 'ಪಾಟೀಸವಾಲು ಇಲ್ಲ' ಅಂತ ಕೂತೆ, ನನ್ನ ಕೆಲಸ ಅವರೇ ಮುಗಿಸಿದ್ದರು.

ಬೇರೆ ಬೇರೆ ಕೇಸು ಬೇರೆ ಬೇರೆ ಕಡೆ ಸೋರುತ್ತವೆ. ಲೈಸೆನ್ಸ್ ಇಲ್ಲದ ಆಯುಧದ ಕೇಸು ನಡೆಸಲು 39ನೇ ಕಲಮಿನ ಪ್ರಕಾರ ಜಿಲ್ಲಾ ಮ್ಯಾಜಿಸ್ಟ್ರೇಟರ ಪೂರ್ವಾನುಮತಿ ಬೇಕು. ಕೆಲವೊಮ್ಮೆ ಅದೇ ಇರುವುದಿಲ್ಲ. ಸೀಲಿನ ಮಾದರಿ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ, ಅಂದರೆ ಎಫ್‌ಎಸ್‌ಎಲ್‌ಗೆ ಹೋಗಿರುವುದಿಲ್ಲ. ಪಿಸ್ತೂಲಿನಿಂದ ನಿಜಕ್ಕೂ ಗುಂಡು ಹಾರುತ್ತದೋ ಇಲ್ಲವೋ ಅನ್ನುವ ವರದಿ ಬರುವ ಹೊತ್ತಿಗೆ ತನಿಖಾಧಿಕಾರಿಗೆ ವರ್ಗ ಆಗಿ, ಹೊಸಬರಿಗೆ ಕೇಸಿನ ತಲೆಬುಡ ಗೊತ್ತಿರುವುದಿಲ್ಲ. ಇದೆಲ್ಲ ನನ್ನ ಹೊಟ್ಟೆಪಾಡಿಗೆ ಅನುಕೂಲವೇ. ಆದರೆ ನಾನು ಹುಟ್ಟಿದ್ದು ಇಂಡಿ ತಾಲ್ಲೂಕಿನಲ್ಲಿ. ಭೀಮಾತೀರ ಅಂದಕೂಡಲೇ ಹೊರಗಿನವರು ಹುಬ್ಬೇರಿಸುವುದನ್ನು ನೋಡುತ್ತಲೇ ಬೆಳೆದವಳು, ಈ ಮಾಲು ಯಾರ ಮನೆ ಮುಂದೆ ಸಿಡಿಯುತ್ತದೆ ಅಂತ ಗೊತ್ತಿದೆ.

ಅಡ್ಡದಾರಿಯನ್ನೂ ನಮ್ಮ ಜಿಲ್ಲೆ ನೋಡಿದೆ. 2017ರ ಅಕ್ಟೋಬರ್ 30ರಂದು ಕೊಂಕಣಗಾಂವದಲ್ಲಿ ಪೊಲೀಸರ ಎನ್‌ಕೌಂಟರಿಗೆ ಭೀಮಾತೀರದ ರೌಡಿಯೊಬ್ಬ ಬಲಿಯಾದಾಗ ಪಟಾಕಿ ಹೊಡೆಯಬೇಕು ಅನ್ನುವಂತೆ ಮಾತಾಡಿದವರು ಇದ್ದರು. ಸತ್ತವನ ತಮ್ಮ ಕಾಣೆಯಾದ ಪ್ರಕರಣ ಸಿಐಡಿಗೆ ಹೋಗಿ, 2018ರಲ್ಲಿ ಪೊಲೀಸರೇ ಬಂಧನಕ್ಕೊಳಗಾದರು. ಅಷ್ಟಾದ ಮೇಲೂ ಹೊಳೆಸಾಲಿನಲ್ಲಿ ಪಿಸ್ತೂಲು ಸಿಗುವುದು ನಿಂತಿಲ್ಲ.

ಕಾಗದದ ಕೆಲಸ ನೆಟ್ಟಗೆ ನಡೆದರೆ ಏನಾಗುತ್ತದೆ ಅನ್ನುವುದಕ್ಕೂ ಉದಾಹರಣೆ ದೂರದ್ದಲ್ಲ. ಎಂ.ಎಂ. ಕಲಬುರ್ಗಿಯವರು ನಮ್ಮ ಸಿಂದಗಿ ತಾಲ್ಲೂಕಿನ ಮಣ್ಣಿನವರು. 2015ರ ಆಗಸ್ಟ್ 30ರಂದು ಧಾರವಾಡದ ಮನೆ ಬಾಗಿಲಲ್ಲಿ ಅವರನ್ನು ಕೊಂದರು. 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಗೌರಿ ಲಂಕೇಶ್ ಹತ್ಯೆಯಾಯಿತು. ಎರಡೂ ಕಡೆ ಸಿಕ್ಕ ಗುಂಡು, ಖಾಲಿ ಕೋಶಗಳ ಮೇಲಿನ ಗುರುತು ಹೋಲಿಸಿ, 7.65 ಎಂಎಂನ ಒಂದೇ ಕಂಟ್ರಿ ಪಿಸ್ತೂಲಿನಿಂದ ಹಾರಿದ್ದು ಅಂತ ಎಫ್‌ಎಸ್‌ಎಲ್ ಹೇಳಿತು. ಎಸ್‌ಐಟಿ ಆ ಎಳೆ ಹಿಡಿದು ಒಂದು ಜಾಲವನ್ನೇ ಚಾರ್ಜ್‌ಶೀಟಿಗೆ ತಂದಿತು, ಕರ್ನಾಟಕ ಸಂಘಟಿತ ಅಪರಾಧ ನಿಯಂತ್ರಣ ಕಾಯ್ದೆ, ಅಂದರೆ ಕೋಕಾ ಹಾಕಿತು. ಒಬ್ಬ ಆರೋಪಿಯ ಮೇಲಿನ ಕೋಕಾವನ್ನು ಹೈಕೋರ್ಟ್ ತೆಗೆದಾಗ 2021ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಸೇರಿಸಿತು. ವಿಚಾರಣೆಯ ಫಲ ಏನೇ ಆಗಲಿ, ತನಿಖೆ 'ಅಪರಿಚಿತ ವ್ಯಕ್ತಿ'ಗೆ ನಿಲ್ಲಲಿಲ್ಲ. ಪ್ರತಿ ಕಂಟ್ರಿ ಕೇಸಿಗೂ ಎಸ್‌ಐಟಿ ಮಾಡಲಾಗದು, ಒಪ್ಪುತ್ತೇನೆ. ನಾಲ್ಕು ಪೇದೆಗಳನ್ನು ಸೇಂಧವಾಕ್ಕೆ ಕಳಿಸುವ ಟಿಎ-ಡಿಎ ಬಿಲ್ಲಾದರೂ ಪಾಸಾಗಬೇಕಲ್ಲ?

ಅತ್ತ ಲೈಸೆನ್ಸ್ ಇದ್ದವರ ಪಾಡು ಬೇರೆ. ನಮ್ಮ ಸೋದರಮಾವನ ಹತ್ತಿರ ಹಂದಿ ಬೆದರಿಸಲು ಅಂತ ಒಂಟಿನಳಿಗೆಯ ಬಂದೂಕು ಇದೆ. ಚುನಾವಣೆ ಘೋಷಣೆಯಾದರೆ ಸಾಕು, ಗೋಣಿಚೀಲದಲ್ಲಿ ಸುತ್ತಿ ಠಾಣೆಗೆ ಒಯ್ದು ರಸೀದಿ ತರಬೇಕು. "ಕಾಗದ ಇದ್ದಾವ್ರ ಕೈಯಾಗಿಂದ ಇಸ್ಕೋತಾರ, ಇಲ್ಲದಾವ್ರನ್ನ ಹುಡಕ್ತಾರ" ಅಂತ ಪ್ರತಿ ಸಲ ಗೊಣಗುತ್ತಾನೆ.

2024ರ ಜುಲೈ 1ರಿಂದ ಆಟ ಸ್ವಲ್ಪ ಬದಲಾಗಿದೆ. ಸಿಆರ್‌ಪಿಸಿ ಜಾಗಕ್ಕೆ ಬಂದ ಬಿಎನ್‌ಎಸ್‌ಎಸ್‌ನ 105ನೇ ಕಲಮಿನಂತೆ ಶೋಧ, ಜಪ್ತಿ, ಪಂಚರ ಸಹಿ ಎಲ್ಲ ವಿಡಿಯೊ ಆಗಬೇಕು. ಚಹಾದಂಗಡಿಯವ ಉಲ್ಟಾ ಹೊಡೆದರೂ ಮೊಬೈಲಿನಲ್ಲಿ ಅವನ ಮುಖ ಇರುತ್ತದೆ. ಜತೆಗೆ ಕೊಡಬೇಕಾದ ಪ್ರಮಾಣಪತ್ರದಲ್ಲಿ ಹ್ಯಾಶ್ ಮೌಲ್ಯ, ಅಂದರೆ ವಿಡಿಯೊ ತಿದ್ದಿಲ್ಲ ಅಂತ ತಾಳೆ ನೋಡುವ ಸಂಕೇತ, ಬಿಟ್ಟಿದ್ದರೆ ನಮಗೆ ಇನ್ನೂ ಜಾಗ ಇದೆ, ಅದು ಬೇರೆ ಮಾತು. ಐಪಿಸಿ ಜಾಗಕ್ಕೆ ಬಂದ ಬಿಎನ್‌ಎಸ್‌ನ 111ನೇ ಕಲಮಿನ ಸಂಘಟಿತ ಅಪರಾಧದ ವ್ಯಾಖ್ಯೆಯಲ್ಲಿ ಆಯುಧ ಸಾಗಾಟವೂ ಸೇರಿದೆ. ಆದರೆ ಪೊಲೀಸರ ಮುಂದೆ ಆರೋಪಿ ಕೊಟ್ಟ ತಪ್ಪೊಪ್ಪಿಗೆಯನ್ನು ಸಾಮಾನ್ಯ ಕೇಸಿನಲ್ಲಿ ಕೋರ್ಟು ಇವತ್ತಿಗೂ ನಂಬುವುದಿಲ್ಲ, ನಂಬಲೂಬಾರದು. 'ಇಂಥವನು ಮಾರಿದ' ಅಂತ ಹುಡುಗ ಬಾಯಿಬಿಟ್ಟರೆ ಅದಕ್ಕೆ ಹೊರಗಿನ ಸಾಕ್ಷ್ಯ ಹುಡುಕಬೇಕು.

ಈಚೆಗೆ ಜಾಮೀನು ಅರ್ಜಿಯೊಂದರಲ್ಲಿ ಹೊಸ ಹುಡುಗ ಪಿಎಸ್‌ಐ ಒಬ್ಬ ಫೈಲು ಹಿಡಿದು ಬಂದಿದ್ದ. ನನ್ನ ಕಕ್ಷಿದಾರ ಫೋನ್‌ಪೇ ಮಾಡಿದ ನಂಬರು, ಆ ನಂಬರಿನ ಬ್ಯಾಂಕ್ ಖಾತೆ, ಆ ವಾರದ ಟವರ್ ಲೊಕೇಶನ್ನು, ಹೆದ್ದಾರಿ ಬದಿಯ ಲಾಡ್ಜಿನ ರಿಜಿಸ್ಟರಿನಲ್ಲಿದ್ದ ಸಹಿ, ಎಲ್ಲ ಒಂದರ ಹಿಂದೆ ಒಂದು ಜೋಡಿಸಿದ್ದ. ಮಾರಿದವನನ್ನು ಹಿಡಿಯಲು ಟೀಮು ಹೊರಟಿದೆ, ಈಗ ಬಿಟ್ಟರೆ ಸುಳಿವು ಕೊಡುತ್ತಾನೆ ಅಂದರು ಸರ್ಕಾರಿ ವಕೀಲರು. ನಾನು ಅರ್ಧ ಗಂಟೆ ವಾದಿಸಿದೆ. ಅರ್ಜಿ ವಜಾ ಆಯಿತು. ಹೊರಗೆ ಬಂದಾಗ ಹುಡುಗನ ಅವ್ವ ಫೀಸು ವಾಪಸ್ ಕೊಡ್ತೀರೇನ್ರಿ ಅಂತ ಕೇಳಿದಳು. ಹೈಕೋರ್ಟಿಗೆ ಹೋಗೋಣ ಅಂದೆ.